ಶನಿವಾರ ಕತ್ತಲಾಗುವವರೆಗೆ ತಲೆಯಲ್ಲೇ ಇಟ್ಟುಕೊಂಡ ರಾಗ

ಕೇಳುಗರಿಗೆ ನಮಸ್ಕಾರ. ಒಂದು ಹೊಸ ರಾಗ ಕಿವಿಗೆ ಬೀಳುತ್ತದೆ, ತುಂಬಾ ಚೆನ್ನಾಗಿದೆ, ಆದರೆ ಬರೆದುಕೊಳ್ಳುವ ಹಾಗಿಲ್ಲ. ರೆಕಾರ್ಡ್ ಮಾಡುವ ಮಾತಂತೂ ದೂರ. ಕತ್ತಲಾಗುವವರೆಗೆ ಸುಮ್ನೆ ತಲೆಯಲ್ಲೇ ಇಟ್ಟುಕೊಂಡಿರಬೇಕು. ಅಮೆರಿಕದ ಯಹೂದಿ ಹಾಡುಗಾರ ಬೆನ್ ಜಿಯಾನ್ ಶೆಂಕರ್ ಹದಿಹರೆಯದಲ್ಲೇ ಮಾಡುತ್ತಿದ್ದ ಕೆಲಸ ಇದು.

ಹುಟ್ಟಿದ್ದು 1925ರಲ್ಲಿ, ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ. ಅಪ್ಪ ಅಮ್ಮ ಪೋಲೆಂಡಿನಿಂದ ಬಂದ ಯಹೂದಿಗಳು. ಹುಡುಗ ಚಿಕ್ಕಂದಿನಲ್ಲೇ ಗಾಯನ ಮೇಳಕ್ಕೆ ಸೇರಿದ, ಸ್ವರಲಿಪಿ ಓದುವುದನ್ನೂ ಕಲಿತ. ಅವನ ಬದುಕು ತಿರುಗಿದ್ದು ಈ ಕಲಿಕೆಯಿಂದಲೇ.

ಹಸೀದಿಗಳು ಅಂದರೆ ತಮ್ಮ ಗುರುವನ್ನು, ಅಂದರೆ ರೆಬ್ಬೆಯನ್ನು, ಸುತ್ತುವರಿದು ಬದುಕುವ ಯಹೂದಿ ಭಕ್ತರು. ಅವರಿಗೆ ಹಾಡೂ ಪ್ರಾರ್ಥನೆಯೇ. ಎಷ್ಟೋ ಸಲ ಅದರಲ್ಲಿ ಮಾತೇ ಇರುವುದಿಲ್ಲ, ಬರೀ 'ಯಾಯಿ ಬಾಯಿ' ಎಂದು ಎಳೆಯುತ್ತಾ ಹೋಗುತ್ತಾರೆ, ಇದಕ್ಕೆ ನಿಗ್ಗುನ್ ಎಂದು ಹೆಸರು. ಈ ಹಾಡಿಗೇ ಹೆಸರಾದ ಪಂಗಡ ಪೋಲೆಂಡಿನ ಮೋಜಿಟ್ಸ್‌ನದು. ಅಲ್ಲಿಯ ಮೊದಲ ರೆಬ್ಬೆ ಇಸ್ರಾಯೇಲ್ ತೌಬ್ ಅವರ ಕಾಲನ್ನು 1913ರಲ್ಲಿ ಬರ್ಲಿನ್‌ನಲ್ಲಿ ಕತ್ತರಿಸಬೇಕಾಯಿತು. ಆ ನೋವಿನಲ್ಲೇ ಅವರು ಒಂದು ದೊಡ್ಡ ರಾಗ ಕಟ್ಟಿದರಂತೆ! ಮೋಜಿಟ್ಸ್ ಜನ ಇವತ್ತಿಗೂ ಹೇಳುವ ಕಥೆ.

ಅವರ ಮಗ ಶಾವುಲ್ ತೌಬ್ ನಾಜಿಗಳಿಂದ ತಪ್ಪಿಸಿಕೊಂಡು, ಲಿಥುವೇನಿಯಾ, ಜಪಾನ್ ಸುತ್ತಿ, 1940ರಲ್ಲಿ ನ್ಯೂಯಾರ್ಕಿಗೆ ಬಂದರು. ನೂರಾರು ರಾಗ ಕಟ್ಟಿದವರು. ಅವರಿದ್ದ ಮನೆಯಲ್ಲಿ ಶೆಂಕರ್ ಮೋಜಿಟ್ಸ್ ರಾಗಗಳ ಸ್ವರಲಿಪಿ ಪುಸ್ತಕ ಹಿಡಿದು ತನ್ನಷ್ಟಕ್ಕೆ ಗುನುಗುತ್ತಿದ್ದ. ರೆಬ್ಬೆಗೆ ಅದು ಕೇಳಿಸಿತು. 'ನಿನಗೆ ಸ್ವರ ಓದೋಕೆ ಬರುತ್ತಾ?' ಅಂದರು. ಅಲ್ಲಿಂದ ಆ ಹುಡುಗ ರೆಬ್ಬೆಯ ಸಂಗೀತದ ಕಾರ್ಯದರ್ಶಿಯಾಗಿಬಿಟ್ಟ.

ಕಷ್ಟ ಇದ್ದದ್ದು ಇಲ್ಲಿ. ಹೊಸ ರಾಗಗಳು ಹೊರಬರುತ್ತಿದ್ದದ್ದು ಜಾಸ್ತಿ ಸಬ್ಬತ್‌ನಲ್ಲೇ, ಅಂದರೆ ಯಹೂದಿಗಳ ವಾರದ ವಿಶ್ರಾಂತಿ ದಿನದಲ್ಲೇ. ಶುಕ್ರವಾರ ಸೂರ್ಯ ಮುಳುಗಿದಾಗಿನಿಂದ ಶನಿವಾರ ರಾತ್ರಿ ನಕ್ಷತ್ರ ಕಾಣುವ ತನಕ ಪೆನ್ನು ಮುಟ್ಟುವಂತಿಲ್ಲ. ಊಟದ ಮೇಜಿನ ಮುಂದೆ ಕೂತು ಕೇಳಬೇಕು, ಬಾಯಲ್ಲಿ ಹೇಳಿಕೊಳ್ಳಬೇಕು, ನಡುವೆ ಇನ್ನೊಂದು ರಾಗ ಬಂದರೆ ಮೊದಲಿನದು ಅಳಿಸಿಹೋಗದಂತೆ ನೋಡಿಕೊಳ್ಳಬೇಕು, ಕತ್ತಲಾದ ಮೇಲೆ ಎಲ್ಲಾ ಕಾಗದಕ್ಕೆ ಇಳಿಸಬೇಕು. ನನಗಂತೂ ಅಂಗಡಿಗೆ ಹೋಗುವಷ್ಟರಲ್ಲಿ ಸಾಮಾನಿನ ಪಟ್ಟಿಯೇ ಮರೆತುಹೋಗುತ್ತದೆ!

ರೆಬ್ಬೆ 1947ರ ನವೆಂಬರ್ 29ರಂದು ತೀರಿಕೊಂಡರು. ಪ್ಯಾಲೆಸ್ತೀನ್ ವಿಭಜನೆಗೆ ವಿಶ್ವಸಂಸ್ಥೆ ಮತ ಹಾಕಿದ್ದೂ ಅದೇ ದಿನ. ಪೋಲೆಂಡಿನಲ್ಲಿ ಆ ರಾಗಗಳನ್ನು ಹಾಡುತ್ತಿದ್ದವರಲ್ಲಿ ಬಹುಪಾಲು ಜನ ಯುದ್ಧದಲ್ಲೇ ಹೋಗಿದ್ದರು. ಶೆಂಕರ್ 1956ರಲ್ಲಿ ಮೋಜಿಟ್ಸ್ ರಾಗಗಳ ಧ್ವನಿಮುದ್ರಿಕೆ ತಂದರು. ಹಸೀದಿಗಳ ಹಾಡು ಹಸೀದಿಗಳದೇ ಧಾಟಿಯಲ್ಲಿ ಡಿಸ್ಕಿಗೆ ಏರುವುದು ಆಗ ಬಹಳ ಅಪರೂಪ. ಹಾಗಂತ ಹಾಡನ್ನೇ ಹೊಟ್ಟೆಪಾಡು ಮಾಡಿಕೊಳ್ಳಲಿಲ್ಲ. ಸಂಸಾರ ನಡೆದದ್ದು ವ್ಯಾಪಾರದಿಂದ, ಹಾಡಿದ್ದು ಬ್ರೂಕ್ಲಿನ್‌ನ ಮೋಜಿಟ್ಸ್ ಪ್ರಾರ್ಥನಾ ಮಂದಿರದಲ್ಲಿ.

ಸ್ವಂತ ರಾಗಗಳನ್ನೂ ನೂರಾರು ಕಟ್ಟಿದರು. ಮನೆಯ ಗೃಹಿಣಿಯನ್ನು ಹೊಗಳುವ ಬೈಬಲಿನ ಸಾಲುಗಳಿಗೆ 1950ರ ದಶಕದಲ್ಲಿ ಹಾಕಿದ ಧಾಟಿ ಎಷ್ಟು ಹಬ್ಬಿತೆಂದರೆ, ಇಂದಿಗೂ ಶುಕ್ರವಾರ ರಾತ್ರಿ ಅದನ್ನು ಹಾಡುವ ಅನೇಕರು ಅದು ತಾತ ಮುತ್ತಾತರ ಕಾಲದ್ದು ಅಂತಲೇ ತಿಳಿದಿದ್ದಾರೆ. ಕಟ್ಟಿದವರು 2016ರ ನವೆಂಬರ್‌ವರೆಗೆ, 91 ವರ್ಷ, ಬ್ರೂಕ್ಲಿನ್‌ನಲ್ಲೇ ಇದ್ದರು.