ಮೊದಲು ಬಕೆಟ್ ಎಣಿಸಿ

ಕೇಳುಗರಿಗೆಲ್ಲ ನಮಸ್ಕಾರ.

ಹಿತ್ತಲಲ್ಲಿ ನಾಲ್ಕು ಬದನೆ ಗಿಡ, ಒಂದು ಕರಿಬೇವು, ಕಾಂಪೌಂಡಿಗೆ ಹಬ್ಬಿಸಿದ ಬಸಳೆ, ಗೇಟಿನ ಪಕ್ಕ ದಾಸವಾಳ. ಇಷ್ಟು ಇಟ್ಟುಕೊಂಡು, ಅದಕ್ಕೆ ಮಳೆನೀರು ಹಿಡಿದಿಡಬೇಕು ಅನ್ನುವವರಿಗೆ ಇವತ್ತಿನ ನನ್ನ ಮಾತು. ಎಕರೆಗಟ್ಟಲೆ ತೋಟ ಇರುವವರು ಬೇಸರ ಮಾಡಿಕೊಳ್ಳಬೇಡಿ, ನಿಮ್ಮ ಲೆಕ್ಕವೇ ಬೇರೆ.

ಮೈಸೂರಿನಲ್ಲಿ ಮಳೆನೀರು ಹಿಡಿಸುವ ಕೆಲಸ ಮಾಡಿಕೊಂಡು ಬಂದವನು ನಾನು. 2024ರ ಬೇಸಿಗೆ ನಿಮಗೆ ನೆನಪಿರಬಹುದು. ಕುಡಿಯುವ ನೀರನ್ನು ಗಿಡಕ್ಕೆ ಹಾಕಿದರೆ 5,000 ರೂಪಾಯಿ ದಂಡ ಅಂತ ಬೆಂಗಳೂರಿನಲ್ಲಿ ಜಲಮಂಡಳಿ ಹೇಳಿತಲ್ಲ, ಅವತ್ತಿನಿಂದ ನನಗೆ ಫೋನು ಜಾಸ್ತಿ. ಎಲ್ಲರದೂ ಒಂದೇ ಪ್ರಶ್ನೆ. "ಸಾರ್, ಎಷ್ಟು ಲೀಟರಿನ ಟ್ಯಾಂಕ್ ತಗೊಳ್ಳಲಿ?" ನಾನು ತಿರುಗಿ ಕೇಳುತ್ತೇನೆ, "ದಿನಕ್ಕೆ ಗಿಡಗಳಿಗೆ ಎಷ್ಟು ಬಕೆಟ್ ಹಾಕ್ತೀರಿ?" ಆ ಕಡೆ ಸದ್ದೇ ಇಲ್ಲ. ಆಮೇಲೆ, "ಅದು ಮನೆಯವರಿಗೆ ಗೊತ್ತು ಸಾರ್" ಅನ್ನುತ್ತಾರೆ. ಹಾಗಾದರೆ ಮನೆಯವರಿಗೆ ಫೋನ್ ಕೊಡಿ ಅನ್ನುತ್ತೇನೆ. ಟ್ಯಾಂಕಿನ ಅಳತೆ ಇರುವುದು ಅವರ ಹತ್ತಿರ.

ಮೊದಲು ಬಕೆಟ್ ಎಣಿಸಿ. ಆಮೇಲೆ ಡ್ರಮ್ ಕೊಳ್ಳಿ. ನಾನು ಹೇಳಬೇಕೆಂದು ಬಂದಿರುವುದು ಇಷ್ಟೇ.

ಜನ ಎಡವುವುದು ಎಲ್ಲಿ ಅಂದರೆ, ತಾರಸಿಯಿಂದ ಲೆಕ್ಕ ಶುರುಮಾಡುತ್ತಾರೆ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಇದು ಸುಲಭದ ಲೆಕ್ಕ, ಯಾರಾದರೂ ಹಾಕಬಹುದು. ಸಾವಿರ ಚದರಡಿ ತಾರಸಿ ಅಂದರೆ ಸುಮಾರು 93 ಚದರ ಮೀಟರ್. ಮೈಸೂರಿನಲ್ಲಿ ವರ್ಷಕ್ಕೆ ಸುಮಾರು 800 ಮಿಲಿಮೀಟರ್ ಮಳೆ. ಗುಣಿಸಿ ನೋಡಿ, 70 ಸಾವಿರ ಲೀಟರ್ ದಾಟುತ್ತದೆ. ಅಷ್ಟು ದೊಡ್ಡ ಸಂಖ್ಯೆ ಕಂಡ ತಕ್ಷಣ ತಲೆ ತಿರುಗುತ್ತದೆ. ಅಯ್ಯೋ, ಇಷ್ಟೊಂದು ನೀರು ಮೋರಿಗೆ ಹೋಗ್ತಾ ಇದೆಯಲ್ಲಾ ಅಂತ ಸಂಕಟ. ಮಾರನೇ ದಿನ ಮನೆಗೆ ಗಾರೆಯವರು ಬಂದಿರುತ್ತಾರೆ.

ನಮ್ಮ ಭಾವನವರ ಮನೆಯಲ್ಲೂ ಹಾಗೇ ಬಂದಿದ್ದರು. ಈ ಕತೆ ಹೇಳದೆ ನನಗೆ ಮುಂದೆ ಹೋಗಲು ಆಗುವುದಿಲ್ಲ. ಭಾವನವರು ಈಗ ರೇಡಿಯೋ ಹಚ್ಚಿಕೊಂಡಿದ್ದರೆ ದಯವಿಟ್ಟು ಕ್ಷಮಿಸಬೇಕು.

ಭಾವ ನಿವೃತ್ತರಾದ ವರ್ಷ ಅದು. ಕೈಯಲ್ಲಿ ದುಡ್ಡಿತ್ತು, ಸಮಯವೂ ಇತ್ತು. ಈ ಎರಡೂ ಒಟ್ಟಿಗೆ ಇರುವ ಗಂಡಸು ಮನೆಯಲ್ಲಿ ಏನಾದರೊಂದು ಕಟ್ಟಿಸಿಯೇ ತೀರುತ್ತಾನೆ. ತಾರಸಿಯ ಲೆಕ್ಕ ಹಾಕಿದರು. ಹಿತ್ತಲಲ್ಲಿ ಹತ್ತಡಿ ಉದ್ದ, ಏಳಡಿ ಅಗಲ, ಐದಡಿ ಎತ್ತರದ ಇಟ್ಟಿಗೆ ತೊಟ್ಟಿ ಕಟ್ಟಿಸಿದರು. ಹತ್ತಿರ ಹತ್ತಿರ 10,000 ಲೀಟರ್. ನನ್ನನ್ನು ಒಂದು ಮಾತು ಕೇಳಲಿಲ್ಲ. ಭಾವಮೈದುನನ ಹತ್ತಿರ ಸಲಹೆ ಕೇಳುವ ಪದ್ಧತಿ ನಮ್ಮ ಕಡೆ ಇಲ್ಲ, ಇರಲಿ.

ಮಳೆ ಬಂತು, ತೊಟ್ಟಿ ತುಂಬಿತು. ನನಗೆ ಫೋನ್ ಮಾಡಿ, ಬಂದು ನೋಡು ಅಂದರು. ಹೋದೆ. ಹಿತ್ತಲಿಗೆ ಕಾಲಿಟ್ಟವನು ಕೇಳಿದೆ, "ಭಾವ, ಇಲ್ಲಿ ಬಾಳೆ ಇತ್ತಲ್ವಾ? ಆ ನುಗ್ಗೆ ಮರ ಎಲ್ಲಿ?" ತೊಟ್ಟಿಗೆ ಜಾಗ ಬೇಕಿತ್ತು, ತೆಗೆಸಿದೆವು ಅಂದರು. ಕೆಸುವಿನ ಸಾಲೂ ಹೋಗಿತ್ತು. ತೋಟಕ್ಕೆ ನೀರು ಬೇಕು ಅಂತ ತೊಟ್ಟಿ ಕಟ್ಟಿಸಿದರು, ತೊಟ್ಟಿ ಎದ್ದು ನಿಂತಾಗ ಅರ್ಧ ತೋಟವೇ ಇರಲಿಲ್ಲ! ಉಳಿದದ್ದು ಮುಂದುಗಡೆಯ ಹದಿನೆಂಟು ಕುಂಡ, ಒಂದು ಕರಿಬೇವು.

ಹಿತ್ತಲಿನ ತೊಟ್ಟಿಯ ನೀರು ಮುಂದುಗಡೆಯ ಕುಂಡಕ್ಕೆ ಬರಬೇಕಾದರೆ ಮೋಟರ್ ಬೇಕು. ಮೋಟರ್ ತಂದರು. ಅದಕ್ಕೆ ಉದ್ದದ ಪೈಪು. ತೊಟ್ಟಿಯ ಮೇಲೆ ತಗಡು ಮುಚ್ಚಿದ್ದರು, ಗಾಳಿಗೆ ಅದು ಸರಿದು ಒಂದು ಮೂಲೆ ಬಾಯಿ ಬಿಟ್ಟಿತು. ಡೆಂಗಿ ಹರಡುವ ಸೊಳ್ಳೆಗೆ ಕೊಚ್ಚೆ ಬೇಕಾಗಿಲ್ಲ, ಹೀಗೆ ನಿಂತ ತಿಳಿನೀರೇ ಇಷ್ಟ. ವಾರ ಹತ್ತು ದಿನದಲ್ಲಿ ಮೊಟ್ಟೆ ಸೊಳ್ಳೆಯಾಗಿ ಹಾರುತ್ತದೆ. ಪಕ್ಕದ ಮನೆಯವರು ಬಂದು ಜಗಳ ಆಡಿ ಹೋದರು.

ನಾನು ಅಕ್ಕನನ್ನು ಕೇಳಿದೆ, "ದಿನಕ್ಕೆ ಎಷ್ಟು ಬಕೆಟ್ ಹಾಕ್ತೀಯೇ?" ಅವಳು ತಕ್ಷಣ ಹೇಳಿದಳು, "ಮೂರು. ಬಿಸಿಲು ಜಾಸ್ತಿ ಇದ್ರೆ ನಾಲ್ಕು." ಮೂರು ಬಕೆಟ್, ಬಕೆಟ್ಟಿಗೆ 15 ಲೀಟರ್, ಒಟ್ಟು 45. ಮಳೆಗಾಲದಲ್ಲಿ ಒಂದು ಮಳೆಗೂ ಇನ್ನೊಂದಕ್ಕೂ ನಡುವೆ ಹತ್ತು ದಿನ ಬಿಡುವು ಸಿಕ್ಕಿತು ಅಂತ ಇಟ್ಟುಕೊಳ್ಳಿ. ಬೇಕಾದದ್ದು 450 ಲೀಟರ್. 200 ಲೀಟರಿನ ಡ್ರಮ್ ಎರಡು, ಅದಕ್ಕೆ ಸ್ವಲ್ಪ ಮೇಲೆ. ಅಷ್ಟೇ!

ಅಕ್ಕ ಅಷ್ಟರಲ್ಲಿ ಏನು ಮಾಡಿದ್ದಳು ಗೊತ್ತೇ? ಮೆಟ್ಟಿಲ ಕೆಳಗೆ ಸುಮ್ನೆ ಬಿದ್ದಿದ್ದ ಒಂದು ನೀಲಿ ಡ್ರಮ್ಮನ್ನು ಮುಂದುಗಡೆ ಮಳೆನೀರಿನ ಪೈಪಿನ ಕೆಳಗೆ ಎಳೆದು ಇಟ್ಟಿದ್ದಳು. ಚೊಂಬಿನಲ್ಲಿ ಮೊಗೆದು ಕುಂಡಗಳಿಗೆ ಹಾಕುತ್ತಿದ್ದಳು. ಲಕ್ಷದ ಹತ್ತಿರ ಸುರಿದ ತೊಟ್ಟಿ ಹಿಂದೆ, ಖರ್ಚೇ ಇಲ್ಲದ ಡ್ರಮ್ ಮುಂದೆ. ಗಿಡ ಕುಡಿಯುತ್ತಿದ್ದದ್ದು ಡ್ರಮ್ಮಿನ ನೀರನ್ನು.

ಒಳ್ಳೆಯ ಒಂದು ಮಳೆ, ಅಂದರೆ 10 ಮಿಲಿಮೀಟರ್ ಬಿದ್ದರೆ, ತಾರಸಿಯ ಕಾಲು ಭಾಗದ ನೀರು ಇಳಿಸುವ ಒಂದೇ ಒಂದು ಪೈಪು ಒಂದು ಡ್ರಮ್ ತುಂಬಿಸುತ್ತದೆ. ಭರಣಿ ಮಳೆಯಿಂದ ಹಿಡಿದು ಸ್ವಾತಿ ಮಳೆಯವರೆಗೆ ಆ ಡ್ರಮ್ ಹದಿನೈದು ಇಪ್ಪತ್ತು ಸಲ ತುಂಬಿ ಖಾಲಿಯಾಗುತ್ತದೆ. ಎರಡನೇ ಡ್ರಮ್ ಅದಕ್ಕಿಂತ ಕಡಿಮೆ ಸಲ. ಹೀಗೇ ಸೇರಿಸುತ್ತಾ ಹೋದರೆ ಹತ್ತನೇ ಡ್ರಮ್ಮಿಗೆ ವರ್ಷಕ್ಕೆ ಒಂದೆರಡು ಸಲ ಕೆಲಸ, ಉಳಿದ ದಿನ ನಿದ್ದೆ. ದುಡ್ಡು ಮಾತ್ರ ಮೊದಲನೆಯದಕ್ಕೂ ಹತ್ತನೆಯದಕ್ಕೂ ಒಂದೇ.

"ಹಾಗಾದರೆ ಬೇಸಿಗೆಗೆ?" ಅಂತ ನೀವು ಕೇಳುತ್ತೀರಿ. ಎಲ್ಲರೂ ಕೇಳುತ್ತಾರೆ. ಅಕ್ಕನ ಮೂರು ಬಕೆಟ್ಟಿಗೆ ನಾಲ್ಕು ತಿಂಗಳ ನೀರು ಕೂಡಿಡಬೇಕಾದರೆ 27 ಡ್ರಮ್ ಬೇಕು. ಮನೆ ಮುಂದೆ 27 ಡ್ರಮ್ ನಿಲ್ಲಿಸಿದರೆ ಅದು ತೋಟ ಅನ್ನಿಸಿಕೊಳ್ಳುವುದಿಲ್ಲ, ಗೋಡೌನು. ಬೇಸಿಗೆಗೆ ಅಕ್ಕಿ ತೊಳೆದ ನೀರಿದೆ, ತರಕಾರಿ ತೊಳೆದ ನೀರಿದೆ. ಗಿಡದ ಬುಡಕ್ಕೆ ಒಣ ಎಲೆ, ತೆಂಗಿನ ನಾರು ಮುಚ್ಚಿ, ಆಗ ಮಣ್ಣು ಬೇಗ ಒಣಗುವುದಿಲ್ಲ. ಮೂರು ಬಕೆಟ್ ಎರಡಕ್ಕೆ ಇಳಿಯಬಹುದು. ಇಳಿದದ್ದು ಗೊತ್ತಾಗಬೇಕಾದರೆ ಮತ್ತೆ ಅದೇ ಮಾತು, ಬಕೆಟ್ ಎಣಿಸಿರಬೇಕು.

ಈಗ ಏನು ಕೊಳ್ಳಬೇಕು ಅನ್ನುವ ವಿಷಯ. ಕತೆಯೇ ಉದ್ದವಾಯಿತು, ನನ್ನ ಕಾಗದದಲ್ಲಿ ಇನ್ನೂ ಒಂದು ಪುಟ ಉಳಿದಿದೆ. ಬೇಗ ಹೇಳುತ್ತೇನೆ.

ಕಡಿಮೆ ಖರ್ಚಿನದು ಹಳೇ ನೀಲಿ ಪ್ಲಾಸ್ಟಿಕ್ ಡ್ರಮ್, 200 ಲೀಟರಿನದು. ಒಳಗೆ ಮೊದಲು ಏನಿತ್ತು ಅಂತ ಕೇಳಿ. ಹಣ್ಣಿನ ರಸ, ಉಪ್ಪಿನಕಾಯಿ ಇದ್ದದ್ದು ಸರಿ. ಆಸಿಡ್, ಔಷಧಿ ಇದ್ದದ್ದು ಬೇಡ. ಮಾರುವವನಿಗೆ ಗೊತ್ತಿಲ್ಲದಿದ್ದರೆ ಅದೂ ಬೇಡ. ಕಬ್ಬಿಣದ ಡ್ರಮ್ ತುಕ್ಕು ಹಿಡಿಯುತ್ತದೆ. ಬೆಳಕು ಹಾಯುವ ಬಿಳಿ ಟ್ಯಾಂಕು ಅಗ್ಗಕ್ಕೆ ಸಿಕ್ಕಿದರೆ ತನ್ನಿ, ಆದರೆ ಕಪ್ಪು ಬಣ್ಣ ಬಳಿಯಿರಿ. ಇಲ್ಲದಿದ್ದರೆ ಒಳಗೆಲ್ಲ ಹಸಿರು ಪಾಚಿ.

ಗಿಡ ಜಾಸ್ತಿ ಇದ್ದು ದಿನಕ್ಕೆ ಏಳೆಂಟು ಬಕೆಟ್ ಬೇಕು ಅನ್ನುವವರು ಸಿಮೆಂಟ್ ರಿಂಗ್ ನೋಡಬಹುದು. ಮೂರಡಿ ಅಗಲದ, ಒಂದಡಿ ಎತ್ತರದ ಒಂದು ರಿಂಗಿನಲ್ಲಿ 200 ಲೀಟರ್ ನಿಲ್ಲುತ್ತದೆ. ಐದು ರಿಂಗ್ ಜೋಡಿಸಿದರೆ ಸಾವಿರ ಲೀಟರ್. ಸಂದುಗಳಿಗೆ ಗಾರೆ ಚೆನ್ನಾಗಿ ಮೆತ್ತಿಸಿ, ಸೋರುವುದು ಅಲ್ಲೇ. ಟಾರ್ಪಾಲಿನ್ ಹಾಸಿದ ಹೊಂಡ ಹೊಲಕ್ಕೆ ಸರಿ. ಮಕ್ಕಳು ಓಡಾಡುವ ಹಿತ್ತಲಿಗೆ ಖಂಡಿತ ಬೇಡ.

ಫಿಲ್ಟರ್ ಬೇಕೇ? ಗಿಡಕ್ಕೆ ಫಿಲ್ಟರ್ ಬೇಡ. ನೀವು ಕುಡಿಯುವ ನೀರಲ್ಲ ಅದು. ಡ್ರಮ್ಮಿನ ಬಾಯಿಗೆ ಸೊಳ್ಳೆ ಪರದೆಯ ಬಟ್ಟೆ ಎರಡು ಪದರ ಹಾಕಿ, ಹಳೇ ಸೈಕಲ್ ಟ್ಯೂಬ್ ಕತ್ತರಿಸಿ ಬಿಗಿಯಾಗಿ ಕಟ್ಟಿ. ಎಲೆಯೂ ಒಳಗೆ ಹೋಗುವುದಿಲ್ಲ, ಸೊಳ್ಳೆಯೂ ಹೋಗುವುದಿಲ್ಲ. ಅಕ್ಕನ ಹಾಗೆ ಚೊಂಬಿನಲ್ಲಿ ಮೊಗೆಯಲು ಹೋಗಬೇಡಿ, ದಿನಾ ಬಟ್ಟೆ ಬಿಚ್ಚಬೇಕಾಗುತ್ತದೆ. ತಳದಿಂದ ಮೂರು ಇಂಚು ಮೇಲೆ ಟ್ಯಾಂಕ್ ನಿಪ್ಪಲ್, ಅಂದರೆ ನಲ್ಲಿ ಜೋಡಿಸುವ ತುಂಡು ಪೈಪು, ಹಾಕಿಸಿ ನಲ್ಲಿ ಕೂರಿಸಿ. ಸಾಲಿಡ್ ಬ್ಲಾಕ್ ಎರಡು ವರಸೆ ಜೋಡಿಸಿ ಅದರ ಮೇಲೆ ಡ್ರಮ್ ನಿಲ್ಲಿಸಿದರೆ ಕೆಳಗೆ ಬಕೆಟ್ ಹಿಡಿಯುತ್ತದೆ. ಮೇಲ್ಗಡೆ ಇನ್ನೊಂದು ತೂತು, ಅದಕ್ಕೊಂದು ಪೈಪು. ತುಂಬಿ ಹೆಚ್ಚಾದ ನೀರು ಬಾಳೆ ಬುಡಕ್ಕೋ ಇಂಗುಗುಂಡಿಗೋ ಹೋಗಲಿ. ಗೋಡೆಯ ಪಾಯಕ್ಕೆ ಬಿಡಬೇಡಿ.

ತುಂಬಿದ ಡ್ರಮ್ಮಿನ ತೂಕ 200 ಕಿಲೋ ದಾಟುತ್ತದೆ. ಸಜ್ಜದ ಮೇಲೆ, ಬಾಲ್ಕನಿಯಲ್ಲಿ ಇಡುವ ಯೋಚನೆ ಬಿಡಿ. ನೆಲವೇ ಸರಿ.

ಬೆಂಗಳೂರಿಗೆ ಹೋದಾಗ ಜಯನಗರ 5ನೇ ಬ್ಲಾಕಿನಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿನ ಮಳೆನೀರು ಸಂಗ್ರಹದ ಪಾರ್ಕ್ ಇದೆ, ನೋಡಿ ಬನ್ನಿ. ಆದರೆ ಅಲ್ಲಿ ಕಂಡದ್ದನ್ನೆಲ್ಲ ಮನೆಗೆ ತರಲು ಹೋಗಬೇಡಿ.

ಇವತ್ತು ಸಂಜೆ ಗಿಡಕ್ಕೆ ನೀರು ಹಾಕುವಾಗ ಬಕೆಟ್ ಎಣಿಸಿ. ಒಂದು ವಾರ ಕ್ಯಾಲೆಂಡರಿನ ಮೇಲೆ ಬರೆದಿಡಿ, ಹಾಲಿನ ಲೆಕ್ಕ ಬರೆಯುತ್ತೀರಲ್ಲ, ಅದರ ಪಕ್ಕದಲ್ಲೇ. ಅಂಗಡಿಗೆ ಆಮೇಲೆ ಹೋದರಾಯಿತು. ಭಾವನವರ ತೊಟ್ಟಿ ಈಗ ಏನಾಗಿದೆ ಅಂತ ಕೇಳುತ್ತೀರಾ? ಅಕ್ಕ ಅದರೊಳಗೆ ಮಣ್ಣು ತುಂಬಿಸಿ ಬಾಳೆ ಹಾಕಿದ್ದಾಳೆ. ಹೋದ ಸಲ ಹೋದಾಗ ಗೊನೆ ಬಿಟ್ಟಿತ್ತು.

ನಮಸ್ಕಾರ.