ಗಲ್ಲಾದ ಕೀಲಿ ಯಾರ ಹತ್ತಿರ ಇತ್ತು?

ಕೇಳುಗರಿಗೆ ನಮಸ್ಕಾರ. ವಿಜಯಪುರದಲ್ಲಿ ಬಿ.ಕಾಂ. ಓದುತ್ತಾ, ಸಂಜೆ ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುವ ಹುಡುಗ ಹುಡುಗಿಯರ ಜೊತೆ ಇವತ್ತು ಮಾತಾಡಬೇಕು. ನೀವು ಬರೆದ ಲೆಕ್ಕ ಕೋರ್ಟಿಗೆ ಹೋದರೆ ಏನಾಗುತ್ತದೆ ಅಂತ ನಿಮಗೆ ಗೊತ್ತಿರಬೇಕು ಅಲ್ವಾ?

ಒಂದು ಒಣದ್ರಾಕ್ಷಿ ಅಂಗಡಿ ಅಂದುಕೊಳ್ಳಿ. ವರ್ಷದ ಕೊನೆಗೆ ನಗದಿನಲ್ಲಿ 2 ಲಕ್ಷ ರೂಪಾಯಿ ಕಡಿಮೆ ಬಂತು. ಸಾಹುಕಾರರು ಗುಮಾಸ್ತನ ಮೇಲೆ ಪೊಲೀಸರಿಗೆ ದೂರು ಕೊಟ್ಟರು, ಹಣ ವಾಪಸ್ ಬರಲಿ ಅಂತ ಸಿವಿಲ್ ದಾವೆಯನ್ನೂ ಹಾಕಿದರು. ಎರಡೂ ಕಡೆ ಅದೇ ಕಿರ್ದಿ (ದಿನದ ಲೆಕ್ಕದ ಪುಸ್ತಕ), ಅದೇ ಕೊರತೆ.

ಕ್ರಿಮಿನಲ್ ಕೋರ್ಟಿನಲ್ಲಿ ಗುಮಾಸ್ತನ ವಕೀಲರು ಕೇಳುತ್ತಾರೆ: ಗಲ್ಲಾದ ಕೀಲಿ ಯಾರ್ಯಾರ ಹತ್ತಿರ ಇತ್ತು? ಸಾಹುಕಾರರ ಮಗನ ಹತ್ತಿರವೂ ಇತ್ತು ಅಂತ ಹೊರಬಿದ್ದರೆ, ಗುಮಾಸ್ತನೇ ತೆಗೆದ ಅನ್ನೋದರ ಮೇಲೆ ಸಂಶಯ ಬರುತ್ತದೆ. ಸುಮ್ನೆ ಹುಟ್ಟಿಸಿದ ಸಂಶಯ ನಡೆಯೋದಿಲ್ಲ, ಅದಕ್ಕೆ ಕಾರಣ ಬೇಕು. ಕಾರಣ ಇದ್ದರೆ ಅದರ ಲಾಭ ಆರೋಪಿಗೆ, ಅವನಿಗೆ ಬಿಡುಗಡೆ. ಇದೇ ಸರಿ ಅಂತ ನನ್ನ ನಂಬಿಕೆ. ಜೈಲಿನಲ್ಲಿ ಕಳೆದ ದಿನಗಳನ್ನು ಆಮೇಲೆ ಯಾರೂ ವಾಪಸ್ ಕೊಡಲಾರರು.

ಸಿವಿಲ್ ಕೋರ್ಟು ಕೇಳೋದು ಬೇರೆ. ಯಾರು ಹೇಳಿದ್ದು ನಿಜ ಆಗಿರುವ ಸಂಭವ ಜಾಸ್ತಿ? ದಿನಾ ಸಂಜೆ ನಗದು ಎಣಿಸಿ ಸಹಿ ಹಾಕುತ್ತಿದ್ದವನು ಗುಮಾಸ್ತ, ಕೊರತೆ ಹೇಗೆ ಬಂತು ಅಂದರೆ ನಂಬುವಂಥ ಉತ್ತರ ಅವನ ಹತ್ತಿರ ಇಲ್ಲ ಅಂತಾದರೆ, ಅಲ್ಲಿ ಬಿಡುಗಡೆ ಆಗಿದ್ದರೂ ಇಲ್ಲಿ ಹಣ ಕಟ್ಟು ಅಂತ ಡಿಕ್ರಿ ಆಗಬಹುದು.

ಆದರೆ ಬರೀ ಕಿರ್ದಿ ತೋರಿಸಿ ಯಾರ ಮೇಲೂ ಬಾಕಿ ಹೊರಿಸಲಾಗದು. 1872ರ ಸಾಕ್ಷ್ಯ ಕಾಯ್ದೆಯ 34ನೇ ಕಲಮು ಇದನ್ನು ಹೇಳಿತ್ತು. 2024ರ ಜುಲೈ 1ರಿಂದ ಬಂದಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 28ನೇ ಕಲಮು ಕೂಡ ಅದನ್ನೇ ಹೇಳುತ್ತದೆ. ರಾಜಕಾರಣಿಗಳಿಗೆ ಹಣ ಕೊಟ್ಟ ಆರೋಪದ ಜೈನ್ ಹವಾಲಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1998ರಲ್ಲಿ, ಬಿಡಿ ಹಾಳೆಗಳು ಲೆಕ್ಕದ ಪುಸ್ತಕವೇ ಅಲ್ಲ ಅಂದಿತು. ಅದಕ್ಕೇ ಬಿಲ್ಲು, ತೂಕದ ಚೀಟಿ, ಸಹಿ ಇರುವ ಪಾವತಿ (ರಸೀದಿ) ಎಲ್ಲ ಜೋಡಿಸಿ ಇಡಿ.

ಚೆಕ್ ಬೌನ್ಸ್ ಕೇಸು ಮಾತ್ರ ಸ್ವಲ್ಪ ವಿಚಿತ್ರ. ಅದು ಕ್ರಿಮಿನಲ್ ಕೇಸೇ, 2 ವರ್ಷದವರೆಗೆ ಜೈಲು ಆಗಬಹುದು. ಆದರೂ ಚೆಕ್ ಕೊಟ್ಟಿದ್ದು ಸಾಲಕ್ಕೇ ಅಂತ ಕಾನೂನು ಮೊದಲೇ ಭಾವಿಸುತ್ತದೆ. ಅಲ್ಲ ಅಂತ ತೋರಿಸಬೇಕಾದವನು ಆರೋಪಿ. ಹಾಗಂತ ಅವನು ಸಂಶಯಕ್ಕೆ ಜಾಗವೇ ಇಲ್ಲದಂತೆ ಸಾಬೀತು ಮಾಡಬೇಕಿಲ್ಲ. ತನ್ನ ಮಾತು ನಿಜ ಇರೋ ಸಂಭವ ಜಾಸ್ತಿ ಇದೆ ಅಂತ ತೋರಿಸಿದರೆ ಸಾಕು ಅಂತ 2010ರಲ್ಲಿ, ನಮ್ಮ ಕರ್ನಾಟಕದಿಂದಲೇ ಹೋದ ರಂಗಪ್ಪ ಪ್ರಕರಣದಲ್ಲಿ, ಸುಪ್ರೀಂ ಕೋರ್ಟು ಹೇಳಿದೆ. ಸಾಲ ತೀರಿಸಿದ್ದೇನೆ ಅನ್ನುವವನು ಅದನ್ನು ತೋರಿಸಲು ಹುಡುಕೋದು, ನೀವು ಅವತ್ತು ಬರೆದುಕೊಟ್ಟ ಪಾವತಿಯನ್ನೇ.