ಗಂಡ ಬದುಕಿರುವಾಗಲೇ ಶೋಕದ ಉಡುಪು ತೊಟ್ಟವಳು

ಎಲ್ಲರಿಗೂ ನಮಸ್ಕಾರ.

ಇವತ್ತು ನಾನು ಮಾತಾಡಲು ಆರಿಸಿಕೊಂಡಿರುವುದು 1848ರ ಜೂನ್‌ನಲ್ಲಿ ಇಂಗ್ಲೆಂಡಿನಲ್ಲಿ ಹೊರಬಂದ ಒಂದು ಕಾದಂಬರಿ, ‘ದಿ ಟೆನೆಂಟ್ ಆಫ್ ವೈಲ್ಡ್‌ಫೆಲ್ ಹಾಲ್’. ಬರೆದವರು ಆನ್ ಬ್ರಾಂಟಿ. ಪುಸ್ತಕದ ಮೇಲೆ ಇದ್ದದ್ದು ಮಾತ್ರ ಆ್ಯಕ್ಟನ್ ಬೆಲ್ ಎಂಬ ಹೆಸರು. ಅಕ್ಕಂದಿರಾದ ಶಾರ್ಲೆಟ್ ಮತ್ತು ಎಮಿಲಿಯನ್ನು ಎಲ್ಲರೂ ಓದುತ್ತಾರೆ. ಈ ತಂಗಿಯನ್ನು ಓದುವವರು ಕಡಿಮೆ. ನನಗಂತೂ ಮೂವರಲ್ಲಿ ಹೆಚ್ಚು ಧೈರ್ಯವಂತೆ ಈಕೆಯೇ.

ಕತೆ ಶುರುವಾಗುವುದು ಹೀಗೆ. ಹಾಳುಬಿದ್ದ ಒಂದು ಹಳೇ ಬಂಗಲೆಗೆ ಯುವತಿಯೊಬ್ಬಳು ಪುಟ್ಟ ಮಗನ ಜೊತೆ ಬಂದು ಸೇರುತ್ತಾಳೆ. ಉಟ್ಟಿರುವುದು ಶೋಕದ ಉಡುಪು. ಹೆಸರು ಮಿಸೆಸ್ ಗ್ರಹಾಂ ಅನ್ನುತ್ತಾಳೆ. ಚಿತ್ರ ಬರೆದು ಮಾರಿ ಬದುಕುತ್ತಾಳೆ. ಊರಿನವರಿಗೆ ಸಮಾಧಾನವಿಲ್ಲ. ಯಾರಿವಳು? ಗಂಡ ಯಾವಾಗ ಸತ್ತ? ಮಗನನ್ನು ಯಾಕೆ ಒಂದು ಗಳಿಗೆಯೂ ಬಿಟ್ಟಿರುವುದಿಲ್ಲ? ಚಿತ್ರದ ಕೆಳಗೆ ತನ್ನ ನಿಜವಾದ ಹೆಸರು, ನಿಜವಾದ ಜಾಗ ಬರೆಯುವುದಕ್ಕೆ ಯಾಕೆ ಹೆದರುತ್ತಾಳೆ?

ಆಕೆಯ ದಿನಚರಿ ತೆರೆದಾಗ ಗೊತ್ತಾಗುತ್ತದೆ. ಆಕೆ ಹೆಲೆನ್ ಹಂಟಿಂಗ್ಡನ್. ಗಂಡ ಆರ್ಥರ್ ಸತ್ತಿಲ್ಲ. ಅವನಿಂದ ತಪ್ಪಿಸಿಕೊಂಡು ಬಂದಿದ್ದಾಳೆ.

ಮದುವೆಗೆ ಮುಂಚೆ ಹೆಲೆನ್‌ಳ ಅತ್ತೆ, ಅಂದರೆ ಅವಳನ್ನು ಸಾಕಿದ ಹಿರಿಯಳು, ಬುದ್ಧಿ ಹೇಳಿದ್ದರು. ಹುಡುಗಿ ಕೇಳಲಿಲ್ಲ. ಮದುವೆಯಾದ ಮೇಲೆ ನಾನೇ ಅವನನ್ನು ಸರಿಮಾಡುತ್ತೇನೆ ಅಂದುಕೊಂಡಳು. ‘ಮದುವೆ ಆದ್ರೆ ಸರಿಹೋಗ್ತಾನೆ’ ಎಂಬ ಮಾತು ನಮ್ಮ ಮನೆಗಳಲ್ಲೂ ಎಷ್ಟು ಸಲ ಕೇಳಿಲ್ಲ, ಅಲ್ವಾ? ವ್ಯತ್ಯಾಸ ಏನೆಂದರೆ, ನಮ್ಮಲ್ಲಿ ಇದನ್ನು ಹಿರಿಯರು ಹುಡುಗಿಗೆ ಹೇಳುತ್ತಾರೆ. ಇಲ್ಲಿ ಹುಡುಗಿಯೇ ಹಿರಿಯರಿಗೆ ಹೇಳುತ್ತಾಳೆ.

ಈ ಕಾದಂಬರಿಯ ಹೆಚ್ಚುಗಾರಿಕೆ ನನಗೆ ಕಾಣುವುದು ಇಲ್ಲಿ: ಆರ್ಥರ್ ಹೆಂಡತಿಗೆ ಹೊಡೆಯುವ ಗಂಡನಲ್ಲ. ಒಂದು ಸಲ ನಾಯಿಯ ಮೇಲಿನ ಸಿಟ್ಟಿಗೆ ದಪ್ಪ ಪುಸ್ತಕ ಎಸೆಯುತ್ತಾನೆ, ಅದು ಅವಳ ಕೈಗೂ ತಗುಲಿ ಚರ್ಮ ಕಿತ್ತುಹೋಗುತ್ತದೆ. ‘ನನಗೇ ಎಸೆದಿರಾ?’ ಎಂದು ಕೇಳಿದರೆ, ‘ಇಲ್ಲ, ಆದರೂ ನಿನಗೂ ಸ್ವಲ್ಪ ರುಚಿ ಸಿಕ್ಕಿತಲ್ಲ’ ಎನ್ನುವ ಅರ್ಥದಲ್ಲಿ ಉತ್ತರಿಸುತ್ತಾನೆ. ಅಷ್ಟೇ. ಊರಿನವರ ಮುಂದೆ ಹೇಳಿಕೊಂಡರೆ ‘ಇದೂ ಒಂದು ದೂರಾ?’ ಅನ್ನುತ್ತಾರೆ. ಆದರೆ ಹಿಡಿತ ಬಿಗಿಯಾಗುವುದು ಇಂಥ ಕಡೆಗಳಲ್ಲೇ. ಕುಡಿತ, ಬೇರೆ ಹೆಂಗಸರ ಸಂಗ, ಎಲ್ಲ ಇದೆ. ಎಳೇ ಮಗುವಿಗೆ ವೈನ್ ಕುಡಿಸಿ, ಕೆಟ್ಟ ಮಾತು ಕಲಿಸಿ, ಸ್ನೇಹಿತರ ಮುಂದೆ ಆಡಿಸಿ ನಗುತ್ತಾನೆ. ತಾಯಿಯ ವಿರುದ್ಧ ಮಗನನ್ನೇ ಕಟ್ಟುತ್ತಾನೆ. ಅವಳು ಓಡಿಹೋಗುವ ತೀರ್ಮಾನಕ್ಕೆ ಬರುವುದು ತನ್ನ ನೋವಿಗಾಗಿ ಅಲ್ಲ, ಈ ಮಗುವಿಗಾಗಿ.

ಪುಸ್ತಕದಲ್ಲಿ ಒಂದು ರಾತ್ರಿ ಬರುತ್ತದೆ. ಹೆಲೆನ್ ದಿನಚರಿ ಬರೆಯುತ್ತಿದ್ದಾಳೆ. ಆರ್ಥರ್ ಅದನ್ನು ಕಿತ್ತುಕೊಂಡು ಓದುತ್ತಾನೆ. ಚಿತ್ರ ಮಾರಿ ದುಡ್ಡು ಕೂಡಿಟ್ಟು ಹೊರಟುಹೋಗುವ ಯೋಜನೆಯೆಲ್ಲ ಅದರಲ್ಲಿದೆ. ಅವನು ಕೂಗಾಡುವುದಿಲ್ಲ. ಬೀಗದ ಕೈಗಳನ್ನು ಕೇಳಿ ಇಸಿದುಕೊಳ್ಳುತ್ತಾನೆ. ಅವಳ ಬಣ್ಣ, ಕುಂಚ, ಚಿತ್ರಗಳನ್ನು ಬೆಂಕಿಗೆ ಹಾಕುತ್ತಾನೆ. ಹಣ, ಒಡವೆ ತೆಗೆದುಕೊಳ್ಳುತ್ತಾನೆ. ಇನ್ನು ಮುಂದೆ ತಿಂಗಳಿಗೆ ಇಷ್ಟು ಕೈಖರ್ಚು ಕೊಡುತ್ತೇನೆ ಅನ್ನುತ್ತಾನೆ. ಹಿಂಸೆಯನ್ನು ಇಷ್ಟು ತಣ್ಣಗೆ, ಇಷ್ಟು ಸರಿಯಾಗಿ ಬರೆದ ಪುಟಗಳನ್ನು ನಾನು ಹೆಚ್ಚು ಓದಿಲ್ಲ.

ಆಗಿನ ಕಾನೂನು ಪೂರ್ತಿ ಅವನ ಕಡೆಗೇ ಇತ್ತು. ಕತೆಯಲ್ಲಿ ಹೆಲೆನ್ ಮನೆ ಬಿಡುವುದು 1827ರಲ್ಲಿ. ಆಗ ಇಂಗ್ಲೆಂಡಿನಲ್ಲಿ ಮದುವೆಯಾದ ಹೆಣ್ಣಿನ ದುಡಿಮೆ ಗಂಡನದು, ಮಕ್ಕಳೂ ಗಂಡನವರು. ಅಂದರೆ ತಪ್ಪಿಸಿಕೊಂಡ ಮೇಲೆ ಅವಳು ಮಾರಿದ ಒಂದೊಂದು ಚಿತ್ರದ ಹಣವೂ ಕಾನೂನಿನ ಪ್ರಕಾರ ಆರ್ಥರ್‌ನದೇ. ಕ್ಯಾರೊಲಿನ್ ನಾರ್ಟನ್ ಎಂಬ ಲೇಖಕಿಯ ಮೂವರು ಗಂಡುಮಕ್ಕಳನ್ನು 1836ರಲ್ಲಿ ಗಂಡ ಕಿತ್ತುಕೊಂಡ. ಆಕೆ ಪಟ್ಟುಹಿಡಿದು ಹೋರಾಡಿದ್ದರಿಂದ 1839ರಲ್ಲಿ ಒಂದು ಕಾಯ್ದೆ ಬಂತು. ಏಳು ವರ್ಷದೊಳಗಿನ ಮಕ್ಕಳನ್ನು ತನಗೆ ಒಪ್ಪಿಸಿ ಎಂದು ತಾಯಿ ಕೇಳಿಕೊಳ್ಳಲು ಅದರಲ್ಲಿ ಅವಕಾಶವಿತ್ತು, ನಡತೆಯ ಮೇಲೆ ಆರೋಪ ಸಾಬೀತಾಗಿರಬಾರದು ಅಷ್ಟೇ. ಹೆಂಡತಿಯ ಗಳಿಕೆ ಹೆಂಡತಿಗೇ ಸೇರುವುದಕ್ಕೆ 1870ರವರೆಗೆ ಕಾಯಬೇಕಾಯಿತು. ಹೊಡೆಯದೆಯೂ ಹೆಂಡತಿಯನ್ನು ಹಿಡಿತದಲ್ಲಿಡುವುದು ಅಪರಾಧ ಎಂದು ಅಲ್ಲಿನ ಕಾನೂನು ಹೇಳಿದ್ದು 2015ರಲ್ಲಿ. ನಮ್ಮ 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಲ್ಲಿ ಹಣ ಕಿತ್ತುಕೊಳ್ಳುವುದೂ ಹಿಂಸೆ ಎಂದು ಬರೆದಿದೆ. ಆನ್ ಬ್ರಾಂಟಿ ಅದನ್ನು ಕಂಡು ಆಗಲೇ ಒಂದೂವರೆ ಶತಮಾನ ಕಳೆದಿತ್ತು.

ಈಗ ಆ ಶೋಕದ ಉಡುಪಿನ ವಿಷಯಕ್ಕೆ ಬರುತ್ತೇನೆ. ಅದು ವೇಷ, ನಿಜ. ಒಂಟಿ ಹೆಂಗಸು ಗೌರವದಿಂದ ಬಾಳಬೇಕಾದರೆ ಆ ಕಾಲದಲ್ಲಿ ವಿಧವೆಯಾಗಿರಬೇಕಿತ್ತು. ಆದರೆ ಬರೀ ವೇಷವೆಂದು ಓದಿದರೆ ಪುಸ್ತಕದ ಅರ್ಧ ಕೈತಪ್ಪುತ್ತದೆ. ಹೆಲೆನ್ ನಿಜವಾಗಿಯೂ ಒಬ್ಬನನ್ನು ಕಳೆದುಕೊಂಡಿದ್ದಾಳೆ. ತಾನು ಪ್ರೀತಿಸಿದ ಆರ್ಥರ್ ಅವಳ ಪಾಲಿಗೆ ಎಂದೋ ಹೋದ. ಉಳಿದಿರುವುದು ಅದೇ ಮುಖದ ಬೇರೊಬ್ಬ. ಈ ದುಃಖಕ್ಕೆ ಯಾರೂ ಬಂದು ಸಮಾಧಾನ ಹೇಳುವುದಿಲ್ಲ. ಬಿಟ್ಟುಬಂದವಳಿಗೆ ಅಳುವ ಹಕ್ಕಿಲ್ಲ ಎಂದು ಲೋಕ ನಂಬಿದೆ. ‘ನೀನೇ ತಾನೆ ಬಿಟ್ಟದ್ದು’ ಅನ್ನುತ್ತದೆ.

ಇದನ್ನು ಬರೆಯುವಾಗ ಆನ್ ಮನೆಯಲ್ಲೇ ಇಂಥದ್ದೊಂದು ನಡೆದಿತ್ತು. ಅಣ್ಣ ಬ್ರಾನ್‌ವೆಲ್ ಕುಡಿತ ಮತ್ತು ಅಫೀಮಿನಲ್ಲಿ ಕರಗುತ್ತಿದ್ದ. ಪುಸ್ತಕ ಬಂದ ಮೂರೇ ತಿಂಗಳಿಗೆ, ಸೆಪ್ಟೆಂಬರ್‌ನಲ್ಲಿ, 31ನೇ ವಯಸ್ಸಿಗೆ ತೀರಿಕೊಂಡ. ಡಿಸೆಂಬರ್‌ನಲ್ಲಿ ಎಮಿಲಿ. ಮರುವರ್ಷದ ಮೇ ತಿಂಗಳಲ್ಲಿ, 29ನೇ ವಯಸ್ಸಿಗೆ, ಆನ್ ಕೂಡ. ಬದುಕಿರುವವರಿಗಾಗಿ ಅಳುವುದು ಹೇಗೆಂದು ಆಕೆಗೆ ಗೊತ್ತಿತ್ತು ಎಂದೇ ನನಗನ್ನಿಸುತ್ತದೆ.

ಶಾರ್ಲೆಟ್‌ಗೆ ಈ ಪುಸ್ತಕ ಹಿಡಿಸಲಿಲ್ಲ. ವಸ್ತುವಿನ ಆಯ್ಕೆಯೇ ತಪ್ಪು ಎಂದು 1850ರಲ್ಲಿ ಬರೆದಳು. ಮರುಮುದ್ರಣ ಬೇಡ ಎಂದಳು. ತಂಗಿಯ ಹೆಸರು ಕಾಪಾಡಲು ಹಾಗೆ ಮಾಡಿದಳೇನೋ. ಅದರಿಂದ ಪುಸ್ತಕಕ್ಕೆ ಆದ ನಷ್ಟ ಮಾತ್ರ ದೊಡ್ಡದು.

ಕೊನೆಯ ಭಾಗದ ಬಗ್ಗೆ ಓದುಗರಲ್ಲಿ ಜಗಳವಿದೆ. ಆರ್ಥರ್ ಕುದುರೆಯಿಂದ ಬಿದ್ದು ಹಾಸಿಗೆ ಹಿಡಿಯುತ್ತಾನೆ. ಹೆಲೆನ್ ಆರೈಕೆ ಮಾಡಲು ವಾಪಸ್ ಹೋಗುತ್ತಾಳೆ. ಬಿಡಿಸಿಕೊಂಡು ಬಂದವಳು ಮತ್ತೆ ಯಾಕೆ ಹೋದಳು, ಇದು ಸೋಲಲ್ಲವೇ ಎಂದು ಕೇಳುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಅವಳು ಸುಮ್ನೆ ಹೋಗುವುದಿಲ್ಲ. ಮಗನನ್ನು ನೋಡಬೇಕೆಂದು ಆರ್ಥರ್ ಕೇಳಿದಾಗ, ಮಗ ಪೂರ್ತಿ ತನ್ನ ವಶದಲ್ಲೇ ಇರಬೇಕೆಂಬ ಕಾಗದ ಮುಂದಿಡುತ್ತಾಳೆ. ಕೆಲಸದ ರೇಚಲ್‌ಳನ್ನು ಸಾಕ್ಷಿಗೆ ಕರೆದು ಅವನ ಸಹಿ ಹಾಕಿಸಿಕೊಳ್ಳುತ್ತಾಳೆ. ಆಮೇಲೆಯೇ ಮಗು ಒಳಗೆ ಬರುತ್ತದೆ. ಕರುಣೆ ಇದೆ, ಎಚ್ಚರವೂ ಇದೆ. ಸ್ವರ್ಗದಲ್ಲಿ ಒಳ್ಳೇ ಜಾಗ ಸಿಗಲೆಂದು ಬಂದಿದ್ದೀಯ ಎಂದು ಅವನು ಚುಚ್ಚಿದರೂ ಅವಳು ಅಲ್ಲಾಡುವುದಿಲ್ಲ. ಸಾಯುವ ಹೊತ್ತಿಗೆ ಹೆದರಿ ಅವಳ ಕೈ ಬಿಗಿಯಾಗಿ ಹಿಡಿದುಕೊಳ್ಳುತ್ತಾನೆ, ತನ್ನ ಜೊತೆ ಬಂದು ದೇವರ ಮುಂದೆ ತನ್ನ ಪರವಾಗಿ ಮಾತಾಡು ಎಂದು ಬೇಡುತ್ತಾನೆ. ಅಲ್ಲಿಯೂ ಹೆಂಡತಿಯೇ ತನ್ನ ಕೆಲಸ ಮಾಡಿಕೊಡಬೇಕು ಅವನಿಗೆ. ಅದು ತನ್ನ ಕೈಲಾಗದ ಕೆಲಸ ಎಂದು ಹೆಲೆನ್ ಮೃದುವಾಗಿಯೇ ತಿಳಿಸುತ್ತಾಳೆ.

ಓದಲು ಹೊರಡುವವರಿಗೆ ಒಂದು ಸಣ್ಣ ಮಾತು. ಕತೆ ಹೇಳುವ ಗಿಲ್ಬರ್ಟ್ ಮಾರ್ಕಮ್ ಗೆಳೆಯನಿಗೆ ಬರೆದ ಪತ್ರವೊಂದು ಕಾದಂಬರಿಯ ಆರಂಭದಲ್ಲಿದೆ. 1854ರ ಅಗ್ಗದ ಮುದ್ರಣವೊಂದು ಆ ಪತ್ರವನ್ನೇ ಕೈಬಿಟ್ಟು ಬಂದಿತ್ತು, ಆಮೇಲಿನ ಹಲವು ಪ್ರತಿಗಳು ಅದನ್ನೇ ಹಿಂಬಾಲಿಸಿದವು. ಹಾಲ್‌ಫರ್ಡ್ ಎಂಬ ಆ ಗೆಳೆಯನಿಗೆ ಬರೆದ ಪತ್ರದಿಂದ ಶುರುವಾಗುವ ಪ್ರತಿಯನ್ನೇ ಹುಡುಕಿಕೊಳ್ಳಿ. ಎರಡನೇ ಮುದ್ರಣಕ್ಕೆ ಆನ್ ಬರೆದ ಮುನ್ನುಡಿ ಅದರಲ್ಲಿದ್ದರೆ ಮೊದಲು ಅದನ್ನು ಓದಿ.